ಕೊನೆ ಗೊತ್ತಿದ್ದೂ ಕುತೂಹಲ: ರನ್ನನ ಗದಾಯುದ್ಧ

"ಆಂಟಿ, ಕೊನೆಗೆ ಭೀಮನೇ ಗೆಲ್ಲೋದಲ್ವಾ? ಮತ್ತೆ ಯಾಕೆ ಓದ್ಬೇಕು?" ನಮ್ಮ ಶನಿವಾರದ ಕನ್ನಡ ತರಗತಿಯ ಹುಡುಗನೊಬ್ಬ ಕೇಳಿದ. ನಿಮಗೂ ಹಾಗನ್ನಿಸಿರಬಹುದು.

949ರಲ್ಲಿ ಮುಧೋಳದ ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನನ ಮುಂದೆಯೂ ಇದೇ ಪ್ರಶ್ನೆಯಿತ್ತು. ಅವನ ಕೇಳುಗರಿಗೆಲ್ಲ ಭಾರತದ ಕಥೆ ಗೊತ್ತು. ಹಾಗಾಗಿ ಅವನು ಕೊನೆಯನ್ನು ಬಚ್ಚಿಡುವ ಗೋಜಿಗೆ ಹೋಗದೆ, ಮುಂದೂಡುತ್ತಾ ಹೋದ.

'ಗದಾಯುದ್ಧ'ದ ಹತ್ತು ಆಶ್ವಾಸಗಳಲ್ಲಿ ಗದೆಗೆ ಗದೆ ತಾಗುವುದು ಬಹಳ ತಡವಾಗಿ. ಅದಕ್ಕೂ ಮುನ್ನ ದುರ್ಯೋಧನ ಸಂಜಯನೊಡನೆ ರಣರಂಗದಲ್ಲಿ ನಡೆಯುತ್ತಾನೆ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಹೆಣವಾಗಿ ಒಬ್ಬೊಬ್ಬರೇ ಎದುರಾಗುತ್ತಾರೆ. ಶತ್ರುವಿನ ಮಗ ಅಭಿಮನ್ಯುವನ್ನು ಕಂಡು, ಅಂಥ ವೀರಮರಣ ತನಗೂ ಬರಲಿ ಎನ್ನುತ್ತಾನೆ. ಭೀಷ್ಮರ ಮಾತಿನಂತೆ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ. ದಡದಲ್ಲಿ ಭೀಮನ ಗರ್ಜನೆ ಕೇಳಿದಾಗ, ನೀರೊಳಗಿದ್ದೂ ರೋಷಕ್ಕೆ ಬೆವರುತ್ತಾನೆ.

ಕಾವ್ಯದ ನಾಯಕ ಭೀಮ. ಅವನಲ್ಲಿ ರನ್ನ ಕಂಡದ್ದು ತನ್ನ ದೊರೆ, ಚಾಲುಕ್ಯ ಸತ್ಯಾಶ್ರಯನನ್ನು. ಆದರೂ ಆ ಹೊತ್ತಿಗೆ ನಮ್ಮ ಮನಸ್ಸು ದುರ್ಯೋಧನನ ಕಡೆ ವಾಲಿರುತ್ತದೆ. ಗೆಲ್ಲುವವರು ಯಾರೆಂಬುದು ಮರೆತು, ಇವನು ಹೇಗೆ ಸಾಯುತ್ತಾನೋ ಎಂಬ ಕಳವಳ ಹಿಡಿಯುತ್ತದೆ.

ಈ ಬಿಗಿಯನ್ನು ಗುರುತಿಸಿಯೇ ಬಿ.ಎಂ.ಶ್ರೀ. ಅವರು 1926ರಲ್ಲಿ ರನ್ನನ ಪದ್ಯಗಳಿಂದಲೇ 'ಗದಾಯುದ್ಧ ನಾಟಕಂ' ಕಟ್ಟಿದರು.

ಅಂದು ಆ ಹುಡುಗನಿಗೆ ಸರೋವರದವರೆಗೆ ಕಥೆ ಹೇಳಿ, ಭೀಮ ದಡಕ್ಕೆ ಬರುವಲ್ಲಿ ಪುಸ್ತಕ ಮುಚ್ಚಿದೆ.

"ಆಮೇಲೆ, ಆಂಟಿ?"

"ಮುಂದಿನ ಶನಿವಾರ," ಅಂದೆ.