ಶ್ರೇಣಿಧರ್ಮದಲ್ಲಿ ದೋಷವಿಚಾರಣೆ

ಒಂದು ವೃತ್ತಿಯವರು ಕೂಡಿ ಸಂಘವನ್ನು ಕಟ್ಟಿಕೊಂಡ ಬಳಿಕ, ಅವರಲ್ಲೊಬ್ಬನು ಕಟ್ಟಳೆಯನ್ನು ಮೀರಿದನೆಂದು ದೂರು ಬಂದರೆ ಅದನ್ನು ವಿಚಾರಿಸತಕ್ಕವರು ಯಾರು? ಜೊತೆಯವರೇ ವಿಚಾರಿಸುವುದಾದರೆ ಎರಡು ಬಗೆಯ ಅನ್ಯಾಯಕ್ಕೆ ಎಡೆಯುಂಟು. ತಮ್ಮವನೆಂಬ ದಾಕ್ಷಿಣ್ಯದಿಂದ ತಪ್ಪನ್ನು ಮುಚ್ಚಬಹುದು. ಇಲ್ಲವೆ, ಹಗೆಯಿಂದ ನಿರ್ದೋಷಿಯನ್ನು ಹೊರದೂಡಬಹುದು. ಈ ಪ್ರಶ್ನೆ ಹೊಸದಲ್ಲ. ನಮ್ಮ ಧರ್ಮಶಾಸ್ತ್ರಕಾರರು ಸಂಘದ ಕಟ್ಟುಪಾಡಿಗೆ 'ಸಮಯ' ಅಥವಾ 'ಸಂವಿತ್' ಎಂಬ ಹೆಸರನ್ನಿಟ್ಟು, ಅದರ ಉಲ್ಲಂಘನೆಯನ್ನು ಪ್ರತ್ಯೇಕವಾದ ವ್ಯವಹಾರಪದವನ್ನಾಗಿ ಎಣಿಸಿದ್ದಾರೆ.

ಇದರ ವಿವರಣೆ ಕರ್ಣಾಟಕಕ್ಕೂ ಸಂಬಂಧಪಟ್ಟುದು. ಚಾಳುಕ್ಯ ಆರನೆಯ ವಿಕ್ರಮಾದಿತ್ಯನ (ಕ್ರಿ.ಶ. 1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ಒಂದೇ ಜಾತಿಯವರಾಗಲಿ ಹಲವು ಜಾತಿಯವರಾಗಲಿ, ಒಂದೇ ಕಸುಬಿನಿಂದ ಜೀವಿಸುವವರ ಕೂಟವೇ ಶ್ರೇಣಿಯೆಂದು ಅವನ ಮತ. ಎಲೆಯಡಕೆ ಮಾರುವವರು, ನೇಯ್ಗೆಯವರು, ಚರ್ಮದ ಕೆಲಸದವರು ಅವನು ಕೊಡುವ ಉದಾಹರಣೆಗಳಲ್ಲಿ ಸೇರಿದ್ದಾರೆ.

ಸಂಘದ ಸೊತ್ತನ್ನು ಅಪಹರಿಸಿದವನಿಗೂ ಸಂವಿತ್ತನ್ನು ಮೀರಿದವನಿಗೂ ಯಾಜ್ಞವಲ್ಕ್ಯನು ವಿಧಿಸಿದ ದಂಡನೆ ಬಲು ಕಠಿನವಾದುದು: ಸರ್ವಸ್ವವನ್ನೂ ಕಿತ್ತುಕೊಂಡು ರಾಜ್ಯದಿಂದ ಹೊರಗಟ್ಟುವುದು. ಸಂಘದ ಕಾರ್ಯಕ್ಕಾಗಿ ಹೋದವನು ತಾನು ಪಡೆದುದನ್ನು ತಾನಾಗಿ ಒಪ್ಪಿಸದಿದ್ದರೆ ಅದರ 11 ಪಾಲನ್ನು ತೆರಬೇಕು. ಆದರೆ ಮಿತಾಕ್ಷರಾಕಾರನು ಮೊದಲನೆಯ ದಂಡನೆಯನ್ನು ಘೋರಾಪರಾಧಕ್ಕೆ ಮಾತ್ರ ಮೀಸಲಿಟ್ಟು, ಸಣ್ಣ ತಪ್ಪುಗಳಿಗೆ ಮನುವು ಹೇಳಿದ ದಂಡಗಳನ್ನು ಅನ್ವಯಿಸುತ್ತಾನೆ. ದೋಷದ ತೂಕಕ್ಕೆ ತಕ್ಕಂತೆ ದಂಡನೆಯಿರಬೇಕೆಂಬುದೇ ಇದರ ತಾತ್ಪರ್ಯ.

ಸಂಘವು ತಾನೇ ಏನು ಮಾಡಬಹುದೆಂಬುದನ್ನು ಬೃಹಸ್ಪತಿಯು ಸ್ಪಷ್ಟಪಡಿಸಿದ್ದಾನೆ. ಅವನ ಸ್ಮೃತಿಯು ಇಡಿಯಾಗಿ ಉಳಿದುಬಂದಿಲ್ಲ. ನಿಬಂಧಗಳಲ್ಲಿ ಉದ್ಧೃತವಾದ ವಚನಗಳನ್ನು ಕೆ. ವಿ. ರಂಗಸ್ವಾಮಿ ಅಯ್ಯಂಗಾರರು ಸಂಕಲಿಸಿ 1941ರಲ್ಲಿ ಪ್ರಕಟಿಸಿದರು. ಇವುಗಳ ಪ್ರಕಾರ ಶ್ರೇಣಿಯ ಅಧ್ಯಕ್ಷರು ತಪ್ಪಿತಸ್ಥನನ್ನು ಮಾತಿನಿಂದ ಗದರಿಸಬಹುದು, ಧಿಕ್ಕರಿಸಬಹುದು, ಕೊನೆಗೆ ಪರಿತ್ಯಜಿಸಬಹುದು. ಧರ್ಮಾನುಸಾರವಾಗಿ ಅವರು ಮಾಡಿದ ನಿಗ್ರಹಾನುಗ್ರಹಗಳನ್ನು ಅರಸನೂ ಒಪ್ಪತಕ್ಕದ್ದು.

ಇಷ್ಟಕ್ಕೇ ನಿಂತಿದ್ದರೆ ಇದು ಗುಂಪಿನ ಬಲವನ್ನು ಎತ್ತಿಹಿಡಿಯುವ ಶಾಸನವಾಗುತ್ತಿತ್ತು. ಆದರೆ ಬೃಹಸ್ಪತಿಯು ಗುಂಪಿಗೂ ಕಡಿವಾಣ ಹಾಕಿದ್ದಾನೆ. ಕಾರ್ಯಚಿಂತಕರಾಗಿ ಇಬ್ಬರು, ಮೂವರು ಅಥವಾ ಐವರು ಇರಬೇಕು. ದ್ವೇಷಿಗಳು, ವ್ಯಸನಿಗಳು, ಸೋಮಾರಿಗಳು, ಅಂಜುಬುರುಕರು, ಲೋಭಿಗಳು ಆ ಸ್ಥಾನಕ್ಕೆ ಸಲ್ಲರು. ಹಲವರು ದ್ವೇಷದಿಂದ ಒಂದುಗೂಡಿ ಒಬ್ಬನನ್ನು ಬಾಧಿಸಿದರೆ ಅರಸನು ತಡೆಯಬೇಕು. ಮುಖ್ಯರಿಗೂ ಸಮೂಹಕ್ಕೂ ವಿವಾದ ಹುಟ್ಟಿದರೆ ಅವನೇ ವಿಚಾರಿಸಿ ಅವರನ್ನು ಸರಿದಾರಿಯಲ್ಲಿ ನಿಲ್ಲಿಸಬೇಕು. ಸಾಮಾನ್ಯ ವ್ಯವಹಾರಗಳಲ್ಲಿಯೂ ಶ್ರೇಣಿಯ ತೀರ್ಪಿಗೆ ಒಪ್ಪದವನು ಊರ ಸಭೆಯಾದ ಪೂಗಕ್ಕೆ, ಅಲ್ಲಿಂದ ರಾಜನು ನಿಯಮಿಸಿದ ಅಧಿಕಾರಿಗಳಲ್ಲಿಗೆ ಹೋಗಬಹುದೆಂದು ಮಿತಾಕ್ಷರೆಯು ಹೇಳುತ್ತದೆ.

ಸ್ಮೃತಿಗಳು ಹೇಳುವುದು ವಿಧಿಯನ್ನು; ಅದು ಆಚರಣೆಯಲ್ಲಿ ಹೇಗಿತ್ತೆಂಬುದು ಬೇರೆಯ ಮಾತು. ಅಯ್ಯಾವೊಳೆಯ ಐನೂರ್ವರು ಶಾಸನಗಳಲ್ಲಿ ವೀರಬಣಂಜುಧರ್ಮದ ಪಾಲಕರೆಂದು ಹೊಗಳಿಸಿಕೊಂಡಿದ್ದಾರೆ. ಆದರೆ ಆ ಶಾಸನಗಳಲ್ಲಿ ಬಹುಭಾಗವು ದಾನ, ಆಯ, ಸುಂಕಗಳಿಗೆ ಸಂಬಂಧಿಸಿದುದು. ಕೊಟ್ಟುದನ್ನು ಕಲ್ಲಿನಲ್ಲಿ ಕೆತ್ತಿಸುವುದು ವಾಡಿಕೆ. ಹೊರಗಟ್ಟಿದುದನ್ನು ಕೆತ್ತಿಸುವವರು ವಿರಳ. ಆದಕಾರಣ ಸ್ಮೃತಿವಚನಗಳನ್ನೇ ನಡೆದ ಚರಿತ್ರೆಯೆಂದು ಬಗೆಯಲಾಗದು.

ಆದರೂ ಆ ವಚನಗಳ ಹಿಂದಿನ ಅನುಭವವನ್ನು ಅಲ್ಲಗಳೆಯುವಂತಿಲ್ಲ. ದ್ವೇಷದಿಂದ ಒಂದುಗೂಡಿದವರನ್ನು ತಡೆಯಬೇಕೆಂಬ ವಿಧಿ ಹುಟ್ಟಬೇಕಾದರೆ ಅಂಥ ಬಾಧೆಯ ಭಯವು ಜನರಲ್ಲಿ ಇದ್ದಿರಲೇಬೇಕು. ವೃತ್ತಿಯ ಮಾನವನ್ನು ವೃತ್ತಿಯವರೇ ಕಾಯಲೆಂದು ಬಿಟ್ಟುಕೊಟ್ಟ ಧರ್ಮಶಾಸ್ತ್ರವು, ಆ ಕಾಯುವವರ ಮೇಲೂ ಒಂದು ಕಣ್ಣಿರಲೆಂದು ವಿಧಿಸಿತು.