ಮೂಗು ಕಟ್ಟಿದ ವಿದ್ಯೆ, ಹೆಬ್ಬೆರಳು ಉಳಿಸಿದ ವಿದ್ಯೆ

ಹೆಬ್ಬೆರಳು ಹೋದರೆ ಅರ್ಧ ಕೈ ಹೋದಂಗ ಅಂತ ನಮ್ಮ ಅಕ್ಕಲಕೋಟ ಕಡೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕುಡುಗೋಲು ಹಿಡಿಯಾಕ, ಹಗ್ಗ ಬಿಗಿಯಾಕ ಅದೇ ಬೇಕು. ಕಣಕಿ ಕೊಚ್ಚುವ ಮಷೀನಿಗೆ ಸಿಕ್ಕು ಅದರ ತುದಿಯ ಮಾಂಸ ಹಾರಿ ಎಲುಬು ಕಂಡರೆ, ಬರೇ ತೆಳು ಚರ್ಮ ತಂದು ಹಚ್ಚಿದರೆ ಅಲ್ಲಿ ಹತ್ತೂದಿಲ್ಲ. ರಕ್ತ ಹರಿಯುವ ಜೀವಂತ ಚರ್ಮವನ್ನೇ ಸರಿಸಿ ತರಬೇಕು. ಈ ವಿದ್ಯೆ ಹಳೆಯದು.

ಸುಶ್ರುತ ಸಂಹಿತೆಯಲ್ಲೇ ಕೆನ್ನೆಯ ಚರ್ಮದಿಂದ ಮೂಗು ಕಟ್ಟುವ ವಿಧಾನವಿದೆ. ಆದರೆ ಇಂಗ್ಲಿಷರ ಕಣ್ಣು ತೆರೆಸಿದ್ದು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂದ ವರದಿ. ಕೊವಾಸ್ಜಿ ಎಂಬ ಮರಾಠಾ ಗಾಡಿಯಾಳು 1792ರ ಯುದ್ಧದಲ್ಲಿ ಇಂಗ್ಲಿಷರ ಎತ್ತು ಹೊಡೆಯುತ್ತಿದ್ದ. ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಮೇಲೆ ಪುಣೆ ಹತ್ತಿರ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಮೂಗು ಕಟ್ಟಿದ. ಮೇಣದ ತಗಡು ಮೂಗಿನ ಅಳತೆಗೆ ಮಾಡಿ, ಬಿಡಿಸಿ ಹಣೆಯ ಮೇಲಿಟ್ಟು ಗೆರೆ ಹೊಡೆದ. ಅಷ್ಟು ಚರ್ಮ ಸುಲಿದು ಕೆಳಗೆ ತಿರುವಿದ. ಹುಬ್ಬುಗಳ ನಡುವಿನ ಒಂದು ಎಳೆಯನ್ನು ಮಾತ್ರ ಕತ್ತರಿಸದೆ ಬಿಟ್ಟ, ಬೇರು ಕೀಳದೆ ಬಳ್ಳಿಯನ್ನು ಪಕ್ಕದ ಚಪ್ಪರಕ್ಕೆ ಹಬ್ಬಿಸಿದಂಗ. ಸುಮಾರು 25ನೇ ದಿನ, ಹೊಸ ಜಾಗದಲ್ಲಿ ಚರ್ಮ ಬೇರು ಬಿಟ್ಟ ಮೇಲೆ, ಆ ಎಳೆ ಕತ್ತರಿಸಿದ. ನೋಡಿದ ಇಂಗ್ಲಿಷ್ ವೈದ್ಯರ ಹೆಸರು ಉಳಿದಿವೆ, ಮಾಡಿದವನ ಹೆಸರು ವರದಿಯಲ್ಲಿಲ್ಲ. ಇದು ನನಗೆ ಸರಿ ಕಾಣೂದಿಲ್ಲ. 1814ರಲ್ಲಿ ಲಂಡನ್ನಿನ ಕಾರ್ಪ್ಯೂ ಇದೇ ರೀತಿ ಮೂಗು ಕಟ್ಟಿದರು.

ಕೊವಾಸ್ಜಿಗೆ ಮೂಗು ಬಂತು, ಕೈ ಬರಲಿಲ್ಲ. ಕೈಯ ಕೆಲಸ ಇನ್ನೂ ಸೂಕ್ಷ್ಮ, ಯಾಕಂದರ ಹೆಬ್ಬೆರಳಿಗೆ ಹೊದಿಕೆಯಷ್ಟೇ ಸಾಲದು, ಸ್ಪರ್ಶವೂ ಬೇಕು. ಸ್ವೀಡನ್ನಿನ ಮೊಬರ್ಗ್ 1964ರಲ್ಲಿ ಬರೆದ ವಿಧಾನದಲ್ಲಿ ಹೆಬ್ಬೆರಳಿನ ಒಳಮೈ ಚರ್ಮವನ್ನು ಎರಡೂ ಬದಿಯ ರಕ್ತನಾಳ, ನರಗಳ ಸಮೇತ ಎತ್ತಿ ತುದಿಗೆ ಸರಿಸುತ್ತಾರೆ. ಗಾಯ ದೊಡ್ಡದಿದ್ದರೆ ಫ್ರಾನ್ಸಿನ ಫೂಶೇ 1979ರಲ್ಲಿ ತೋರಿಸಿದ ದಾರಿ: ತೋರುಬೆರಳ ಬೆನ್ನಿನ ಚರ್ಮ, ಬಾಲದಂಗ ಅದರ ರಕ್ತನಾಳ. ಅದಕ್ಕೇ ಗಾಳಿಪಟ ಅಂತ ಹೆಸರು. ಮೊದಮೊದಲು ಹೆಬ್ಬೆರಳು ಮುಟ್ಟಿದರೆ ತೋರುಬೆರಳು ಮುಟ್ಟಿದಂಗ ಅನಿಸುವುದುಂಟು.

ಎಲುಬು ಕತ್ತರಿಸಿ ಗಿಡ್ಡ ಮಾಡಿ ಹೊಲಿಯುವುದು ಸುಲಭ. ಅದಕ್ಕೆ ಒಪ್ಪುವ ಮೊದಲು, ಚರ್ಮ ಸರಿಸಿ ಉದ್ದ ಉಳಿಸಬಹುದೇ ಎಂದು ಕೈಯ ಶಸ್ತ್ರಚಿಕಿತ್ಸೆ ಬಲ್ಲವರನ್ನು ಕೇಳಿರಿ. ಸುತ್ತಲಿನ ಚರ್ಮವೆಲ್ಲ ಸುಲಿದು ಹೋಗಿದ್ದರೆ ತೊಡೆಸಂದಿಯ ಚರ್ಮವನ್ನು ಬುಡ ಬಿಡಿಸದೆ ಹೆಬ್ಬೆರಳಿಗೆ ಹೊಲಿದು, ಸುಮಾರು ಮೂರು ವಾರ ಕೈಯನ್ನು ಅಲ್ಲೇ ಇಡುತ್ತಾರೆ. ಆ ದಿನಗಳಲ್ಲಿ ಬಟ್ಟೆ ಉಡಿಸಾಕ, ಎಬ್ಬಿಸಿ ಕೂಡಿಸಾಕ ಜೊತೆಗೊಬ್ಬರು ಬೇಕು. ಸುಗ್ಗಿ ಇದ್ದರೂ ಮನೆಯವರು ಆ ಲೆಕ್ಕ ಮೊದಲೇ ಹಾಕಿಕೊಳ್ಳಬೇಕು.