ಬೌಂಟಿ ನೌಕೆಯ ದಂಗೆಯೂ ಅದರ ಚಲಚ್ಚಿತ್ರವೂ

ಇತಿಹಾಸದ ಸಾಹಸವೃತ್ತಾಂತವನ್ನು ಚಲಚ್ಚಿತ್ರವಾಗಿಸಹೊರಟವರಿಗೆ ಖ್ಯಾತ ನಟರ ಬಲವೊಂದೇ ಸಾಲದು. ವೃತ್ತಾಂತದ ವಿಷಯದಲ್ಲಿ ಸ್ಥಿರವಾದ ಅಭಿಪ್ರಾಯವೂ ಇರಬೇಕು. 1962ರಲ್ಲಿ ತೆರೆಕಂಡ ‘ಮ್ಯೂಟಿನಿ ಆನ್ ದಿ ಬೌಂಟಿ’ ಎಂಬ ಚಿತ್ರವು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಮೊದಲು ನಡೆದ ಸಂಗತಿಯನ್ನು ಸಂಗ್ರಹವಾಗಿ ಹೇಳುವುದು ಯುಕ್ತ. ವೆಸ್ಟ್ ಇಂಡೀಸ್ ತೋಟಗಳ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು ತಾಹಿತಿ ದ್ವೀಪದಿಂದ ದೀವಿಹಲಸಿನ ಸಸಿಗಳನ್ನು ಒಯ್ಯುವುದಕ್ಕಾಗಿ ಇಂಗ್ಲೆಂಡಿನ ‘ಬೌಂಟಿ’ ನೌಕೆ ಹೊರಟಿತ್ತು. 1789ನೆಯ ಏಪ್ರಿಲ್ 28ರಂದು ಫ್ಲೆಚರ್ ಕ್ರಿಶ್ಚಿಯನ್ ಎಂಬ ಅಧಿಕಾರಿಯು ದಂಗೆಯೆದ್ದು, ನಾಯಕನಾದ ವಿಲಿಯಂ ಬ್ಲೈಯನ್ನು 18 ಮಂದಿಯೊಡನೆ 23 ಅಡಿಯ ತೆರೆದ ದೋಣಿಗಿಳಿಸಿ ಕಡಲಿನ ಪಾಲುಮಾಡಿದನು.

1935ರಲ್ಲಿ ಚಾರ್ಲ್ಸ್ ಲಾಟನ್, ಕ್ಲಾರ್ಕ್ ಗೇಬಲ್ ಇವರು ನಟಿಸಿದ ಚಿತ್ರವು ಈ ಕಥೆಯನ್ನೇ ಹೇಳಿ ಅತ್ಯುತ್ತಮ ಚಿತ್ರವೆಂದು ಆಸ್ಕರ್ ಪಡೆದಿತ್ತು. ಅದರಲ್ಲಿ ಬ್ಲೈ ಕ್ರೂರಿ, ಕ್ರಿಶ್ಚಿಯನ್ ವೀರ. ಇತಿಹಾಸಕ್ಕೆ ಅನ್ಯಾಯವಾದರೂ ಕಥೆ ಒಂದೇ ದಾರಿಯಲ್ಲಿ ನಡೆದಿತ್ತು.

ಅದೇ ಮೆಟ್ರೋ ಗೋಲ್ಡ್‌ವಿನ್ ಮೇಯರ್ ಸಂಸ್ಥೆಯು ಎರಡನೆಯ ಬಾರಿ ಮಾರ್ಲನ್ ಬ್ರಾಂಡೋ, ಟ್ರೆವರ್ ಹೋವರ್ಡ್, ರಿಚರ್ಡ್ ಹ್ಯಾರಿಸ್ ಇವರನ್ನು ಕೂಡಿಸಿತು; ನೋವಾ ಸ್ಕೋಷಿಯಾದಲ್ಲಿ ಹೊಸ ನೌಕೆಯನ್ನು ಕಟ್ಟಿಸಿತು; ತಾಹಿತಿಯಲ್ಲಿಯೇ ಚಿತ್ರೀಕರಣ ನಡೆಸಿತು. ಆದರೆ ಕಥೆಯ ಬರವಣಿಗೆ ಮುಗಿಯುವ ಮುನ್ನವೇ ಕೆಲಸ ಮೊದಲಾಯಿತು. ನಿರ್ದೇಶಕ ಕ್ಯಾರಲ್ ರೀಡ್ ಮಧ್ಯದಲ್ಲಿಯೇ ಬಿಟ್ಟುಹೋದನು; ಲೂಯಿಸ್ ಮೈಲ್‌ಸ್ಟೋನ್ ಮುಂದುವರಿಸಿದನು; ಲೇಖಕರು ಬದಲಾದರು. ವೆಚ್ಚ ಸುಮಾರು 1 ಕೋಟಿ 90 ಲಕ್ಷ ಡಾಲರುಗಳಿಗೇರಿತು. ಹಾಕಿದ ಹಣ ಹಿಂದಿರುಗಲಿಲ್ಲ. ಏಳು ಆಸ್ಕರುಗಳಿಗೆ ಹೆಸರು ಸೂಚಿತವಾದರೂ ಒಂದೂ ದೊರೆಯಲಿಲ್ಲ.

ಕಡಲಿನ ದೃಶ್ಯಗಳು ಮನೋಹರವಾಗಿವೆಯೆಂಬುದನ್ನು ಯಾರೂ ಅಲ್ಲಗಳೆಯಲಾರರು. ಕೊರತೆಯಿರುವುದು ಪಾತ್ರಗಳಲ್ಲಿ. ಬ್ರಾಂಡೋ ತೋರಿಸುವ ಕ್ರಿಶ್ಚಿಯನ್ ಮೊದಲು ಒನಪಿನ ಶೋಕಿಲಾಲ, ಕಡೆಗೆ ತ್ಯಾಗಮೂರ್ತಿ. ನಡುವಣ ಸೇತುವೆಯೇ ಕಾಣದು. ದಂಗೆಯ ದಿನ ನಿಜವಾದ ಬ್ಲೈಗೆ 34 ವಯಸ್ಸು, ಕ್ರಿಶ್ಚಿಯನ್ನನಿಗೆ 24. ಇಬ್ಬರೂ ಹಿಂದೆ ಒಟ್ಟಿಗೆ ಯಾನಮಾಡಿದ ಸ್ನೇಹಿತರು. ಸ್ನೇಹವು ಹಗೆಯಾದ ಬಗೆಯೇ ಈ ವೃತ್ತಾಂತದ ತಿರುಳು; ಚಿತ್ರವು ಅದನ್ನು ಮುಟ್ಟಲೇ ಇಲ್ಲ. ಬದಲಾಗಿ, ನಾವಿಕನನ್ನು ಹಗ್ಗದಿಂದ ನೌಕೆಯ ತಳದಡಿ ಎಳೆಯಿಸುವ ಶಿಕ್ಷೆಯನ್ನು ಬ್ಲೈಯ ತಲೆಗೆ ಕಟ್ಟಿತು. ಅವನ ನಾಲಗೆ ಕಠೋರವಾಗಿದ್ದುದು ದಿಟ. ಈ ಶಿಕ್ಷೆ ಮಾತ್ರ ಕಲ್ಪನೆ.

ಅದೇ ಬ್ಲೈ 47 ದಿನಗಳಲ್ಲಿ 3,600ಕ್ಕೂ ಹೆಚ್ಚು ನಾವಿಕ ಮೈಲಿಗಳನ್ನು ಆ ದೋಣಿಯಲ್ಲಿಯೇ ದಾಟಿ ತಿಮೋರನ್ನು ಸೇರಿದನು. ದಾರಿಯಲ್ಲಿ ಅಳಿದವನು ಒಬ್ಬನೇ, ತೋಫುವಾ ದ್ವೀಪದವರ ಕೈಯಲ್ಲಿ. ಇದಕ್ಕಿಂತ ದೊಡ್ಡ ಸಾಹಸವು ಈ ಕಥೆಯಲ್ಲಿ ಮತ್ತಾವುದಿದೆ? ಚಿತ್ರದಲ್ಲಿ ಅದಕ್ಕೆ ದೊರೆತ ಸ್ಥಾನವು ಅತ್ಯಲ್ಪ. ಕ್ರಿಶ್ಚಿಯನ್ನನು ಉರಿಯುವ ನೌಕೆಯನ್ನುಳಿಸಲು ಹೋಗಿ ಮಡಿದನೆಂದು ಚಿತ್ರವು ಹೇಳುತ್ತದೆ. ವಾಸ್ತವದಲ್ಲಿ ಅವನು 1793ರಲ್ಲಿ, ಪಿಟ್‌ಕೇರ್ನ್ ದ್ವೀಪದಲ್ಲಿ, ಜೊತೆಗೆ ಕರೆತಂದು ಸಮಾನರೆಂದು ಕಾಣದೆ ದುಡಿಸಿಕೊಂಡ ಪಾಲಿನೇಷ್ಯದವರ ಕೈಯಲ್ಲಿ ಹತನಾದನು. ಸ್ವಾತಂತ್ರ್ಯಕ್ಕಾಗಿ ದಂಗೆಯೆದ್ದವರೇ ದಬ್ಬಾಳಿಕೆ ನಡೆಸಿದ ಈ ಅಂತ್ಯವನ್ನು ಬಿಟ್ಟುದೇ ಚಿತ್ರಕ್ಕಾದ ದೊಡ್ಡ ನಷ್ಟ.

ಪುಸ್ತಕಕ್ಕಿಂತ ತೆರೆಯೇ ಬಹುಜನರಿಗೆ ಇತಿಹಾಸವನ್ನು ಕಲಿಸುವ ಕಾಲವಿದು. ಬ್ಲೈ ಎಂದೊಡನೆ ಪೀಡಕನೆಂಬ ಅರ್ಥವೇ ಲೋಕದಲ್ಲಿ ನಿಂತಿರುವುದಕ್ಕೆ ಇಂತಹ ಚಿತ್ರಗಳೂ ಹೊಣೆ.